ಪರಮಪೂಜ್ಯರನ್ನು ಕರೆಯುವುದು ಹೇಗೆ?

ಮೂರು ದಿನದಿಂದ ಗಂಟಲು ಕಟ್ಟಿದೆ. ನೆಗಡಿಯಲ್ಲ, ಬಿರುದುಗಳ ಕಾಟ.

ನಮ್ಮ ಕಡೆ ಯಾವ ಸಮಾರಂಭವಿದ್ದರೂ ಮೈಕು ನನ್ನ ಕೈಗೇ ಬರುತ್ತದೆ. (ಪತ್ರಿಕೆಗೆ ಬರೆಯುವವನಿಗೆ ಮಾತೂ ಬರುತ್ತದೆ ಎಂಬುದು ಜನರ ನಂಬಿಕೆ.) ಮೊನ್ನೆ ಹೊನ್ನಾಳಿಯಲ್ಲಿ, ತೀರಿಕೊಂಡ ನನ್ನ ದೊಡ್ಡಮ್ಮನ ಶಿವಗಣಾರಾಧನೆ. ಅಲ್ಲೂ ನಿರೂಪಣೆ ನನ್ನದೇ. ಜಗಳೂರಿಗೆ ಕೊಟ್ಟಿರುವ ಅವರ ಮಗಳು ಕವಿತಾ ಬೆಳಿಗ್ಗೆಯೇ ನನ್ನ ಹತ್ತಿರ ಬಂದಳು.

“ಅಣ್ಣಾ, ಅವ್ವನ ಬಗ್ಗೆ ನಾನೂ ಎರಡು ಮಾತು ಆಡ್ಬೇಕು. ಬುದ್ಧಿಯೋರು ಇದ್ದಾಗ್ಲೇ ಕರಿ.”

(ನಮ್ಮಲ್ಲಿ ಸ್ವಾಮೀಜಿ ಎಂದರೆ ‘ಬುದ್ಧಿ’.) ಹುಟ್ಟಿದಾಗಿನಿಂದ ಮೈಕು ಮುಟ್ಟದವಳು. ಖಂಡಿತ ಕರೆಯುತ್ತೇನೆ ಎಂದೆ.

ಅಷ್ಟರಲ್ಲಿ ದೊಡ್ಡಮ್ಮನ ತಮ್ಮ ರುದ್ರಪ್ಪ ಮಾವ ಬಂದರು. “ಬಿರುದು ಒಂದೂ ಬಿಡಂಗಿಲ್ಲ ನೋಡಪ್ಪ. ನ್ಯಾಮತಿ ಮದುವ್ಯಾಗೆ ನೀನು ಬರೀ ‘ಸ್ವಾಮೀಜಿ’ ಅಂದಿದ್ದಕ್ಕೆ ಏನಾತು, ಗೊತ್ತೈತಲ್ಲ?”

ಗೊತ್ತಿಲ್ಲದೆ ಏನು? ಊಟಕ್ಕೆ ಕೂತವನನ್ನು ಎಬ್ಬಿಸಿ ಭಕ್ತರು ವಿಚಾರಣೆ ನಡೆಸಿದ್ದರು. ಸ್ವಾಮೀಜಿಗೆ ಏನೂ ಅನ್ನಿಸಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಶುರು ಮಾಡಿದೆ. ಪರಮಪೂಜ್ಯ, ತ್ರಿವಿಧ ದಾಸೋಹಿ, ಶ್ರೀಮನ್ನಿರಂಜನ ಪ್ರಣವ ಸ್ವರೂಪಿ... ಹೆಸರು ಬರುವಷ್ಟರಲ್ಲಿ ಉಸಿರು ಖಾಲಿ. ಸ್ವಾಗತ ಕೋರಿದವರು ಮತ್ತೆ ಮೊದಲಿನಿಂದ ಹೇಳಿದರು. ಮಾಜಿ ಅಧ್ಯಕ್ಷರು ಹೇಳಿದರು. ಅಡಿಕೆ ಮಂಡಿಯ ಯಜಮಾನರು ‘ದಿವ್ಯ ಪಾದಾರವಿಂದಗಳಿಗೆ’ ಎಂದು ಹೊಸದೊಂದು ಸೇರಿಸಿದರು. ಒಬ್ಬರು ಸೇರಿಸಿದ ಮೇಲೆ ಮುಂದಿನವರು ಬಿಡುತ್ತಾರೆಯೇ? ಸ್ವಾಮೀಜಿ ಕಣ್ಣು ಮುಚ್ಚಿ ಕೂತಿದ್ದರು. ಧ್ಯಾನವೋ ದಣಿವೋ, ಯಾರಿಗೆ ಗೊತ್ತು?

ಕವಿತಾ ವೇದಿಕೆಯ ಪಕ್ಕದಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾ ನಿಂತೇ ಇದ್ದಳು. ಪ್ರತಿ ಭಾಷಣ ಮುಗಿದಾಗಲೂ ನನ್ನ ಮುಖ ನೋಡುತ್ತಿದ್ದಳು. ಇನ್ನೇನು ಕರೆಯಬೇಕು, ಸ್ವಾಮೀಜಿಯ ಡ್ರೈವರ್ ಬಂದು ವಾಚು ತೋರಿಸಿದ. ಚನ್ನಗಿರಿಯಲ್ಲಿ ಇನ್ನೊಂದು ಕಾರ್ಯಕ್ರಮವಂತೆ. ಚುಟುಕಾಗಿ ಆಶೀರ್ವಚನವಾಯಿತು. ಮಾವ ನನ್ನ ಕೈಯಿಂದ ಮೈಕು ಕಿತ್ತುಕೊಂಡು ವಂದನಾರ್ಪಣೆ ಮುಗಿಸಿದರು. (ಬಿರುದು ಸಮೇತ.) ಕಾಲಿಗೆ ಬೀಳುವವರ ನೂಕುನುಗ್ಗಲು ದಾಟಿ ಸ್ವಾಮೀಜಿ ಕಾರು ಹತ್ತಿದರು.

ಜನ ಪಂಕ್ತಿಗೆ ಓಡಿದರು. ಕವಿತಾ ಖಾಲಿ ಕುರ್ಚಿಗಳ ನಡುವೆ ಕೂತಿದ್ದಳು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

“ಏನು ಹೇಳ್ಬೇಕು ಅಂತಿದ್ದೆ ತಂಗಿ?”

“ಏನಿಲ್ಲಣ್ಣ. ಬುದ್ಧಿಯೋರು ನಮ್ಮ ಬೀದ್ಯಾಗೆ ಬಂದ್ರೆ, ಕಾಲಿಗೆ ಬೀಳಾಕೂ ಮೊದ್ಲು ಅವ್ವ ಕೇಳೋದು ಒಂದೇ ಮಾತು. ‘ಬುದ್ಧೀ, ಉಂಡ್ರಾ?’ ಅಂತ. ಅದನ್ನ ಹೇಳಿ, ಅವ್ವನ ಹೆಸರಿನಾಗೆ ನಾನೇ ಅವ್ರನ್ನ ಊಟಕ್ಕೆ ಕರ್ಯಾಣ ಅಂತಿದ್ದೆ.”

ಒಳಗಿನ ಕೋಣೆಯಲ್ಲಿ ಸ್ವಾಮೀಜಿಗೆಂದು ಹಾಕಿದ್ದ ಬಾಳೆಲೆ ಹಾಗೇ ಇತ್ತು. ಬಿರುದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ನಮ್ಮಲ್ಲಿ ಒಬ್ಬರಾದರೂ ಅವರನ್ನು ಉಂಡಿರಾ ಎಂದು ಕೇಳಿದೆವೇ?