ಅಪ್ಪ ಬಾಗಿಲಾಚೆ ಬಿಟ್ಟುಬಂದ ಹೆಸರು

ನಮ್ಮಪ್ಪ ಗೇರ್ಡ್ ಹುಟ್ಟಿದ್ದು ಲೋಕಾಂಪ್ ಆಗಿ, ಸತ್ತದ್ದು ಅವೆರ್‌ಬೆಕ್ ಆಗಿ. ನಮ್ಮ ವೆಸ್ಟ್‌ಫಾಲಿಯಾ ಕಡೆ ಮನೆತನದ ಹೆಸರು ರಕ್ತದ್ದಲ್ಲ ಮಗೂ, ಹೊಲಮನೆಯದ್ದು. ಯಾರು ಆ ಒಲೆಯ ಮುಂದೆ ಕೂತರೋ ಅವರಿಗೆ ಆ ಹೆಸರು. ಅಮ್ಮ ಟ್ರೀನೆ ಅವೆರ್‌ಬೆಕ್ ಹೊಲಮನೆಯ ಒಬ್ಬಳೇ ಮಗಳು. ಅಪ್ಪ ಮನೆಅಳಿಯನಾಗಿ ಬಂದ ದಿನ ಅಜ್ಜಿ ಹೊಸಿಲಲ್ಲೇ ತಡೆದಳಂತೆ.

"ಲೋಕಾಂಪ್‌ನ ಆಚೆ ಬಿಟ್ಟು ಬಾಪ್ಪಾ, ನಿನ್ ಮರದ ಮೆಟ್ಟಿನ ಜೊತೆಗೇ."

"ಮೆಟ್ಟು ನಾಳೆ ಹಾಕ್ಕೋಬೋದಲ್ಲ, ಅತ್ತೆ?"

"ಮೆಟ್ಟು ಹಾಕ್ಕೋಬೋದು."

ಆಮೇಲೆ ಒಲೆಯ ಮೇಲೆ ಹಂಡೆ ನೇತುಹಾಕುವ ಕೊಕ್ಕೆಯ ಸುತ್ತ ಅವನನ್ನು ಮೂರು ಸುತ್ತು ತಿರುಗಿಸಿದಳು. ಅಪ್ಪ ಅವೆರ್‌ಬೆಕ್ ಆದ. ಆ ಮೆಟ್ಟುಗಳನ್ನು ಅವನೇ ಕೆತ್ತುತ್ತಿದ್ದ, ನಮಗೂ ಕೆತ್ತಿಕೊಡುತ್ತಿದ್ದ, ಯಾವಾಗಲೂ ಒಂದು ಅಳತೆ ದೊಡ್ಡದು. ಹುಲ್ಲು ತುರುಕಿಕೊಂಡು ನಡೆಯುತ್ತಿದ್ದೆವು. ಇರಲಿ, ಎಲ್ಲಿದ್ದೆ?

ಹಾಂ, ದೊಡ್ಡಪ್ಪ. ಲೋಕಾಂಪ್ ಹೊಲಮನೆ ಅಪ್ಪನ ಅಣ್ಣ ಹಿನ್ನೆರ್ಕ್‌ಗೆ ಹೋಗಿತ್ತು. ಅವನಿಗೆ ಮಕ್ಕಳಿಲ್ಲ, ಕುಡಿತ ಬೇರೆ. ಮನೆ ಮಾರಿ ಯಾರದೋ ಗುಡಿಸಲಲ್ಲಿ ಸತ್ತ. ಕೊಂಡವನು ಎಲ್ಲಿಂದಲೋ ಬಂದ ಸ್ಟೆಫೆನ್. ಅಲ್ಲಿ ಒಲೆ ಹಚ್ಚಿದ ದಿನವೇ ಅವನು ಊರಿಗೆಲ್ಲ ಲೋಕಾಂಪ್.

ಒಂದು ಭಾನುವಾರ ಚರ್ಚಿನ ಅಂಗಳದಲ್ಲಿ ಯಾರೋ "ಲೋಕಾಂಪ್!" ಎಂದು ಕೂಗಿದರು. ಅಪ್ಪ ಥಟ್ಟನೆ ತಿರುಗಿದ. ಕೂಗಿದ್ದು ಸ್ಟೆಫೆನ್‌ನನ್ನು. ಅಪ್ಪ ಟೋಪಿ ಸರಿಮಾಡಿಕೊಳ್ಳುವವನ ಹಾಗೆ ನಟಿಸಿದ. ನಾನು ಪಕ್ಕದಲ್ಲೇ ಇದ್ದೆ.

ಅಂದಿನಿಂದ ಅವನಿಗೊಂದೇ ಹಂಬಲ: ಹೆತ್ತವರ ಪಕ್ಕ, ಲೋಕಾಂಪ್ ಎಂದು ಬರೆದ ಶಿಲುಬೆಯ ಕೆಳಗೆ ಮಲಗಬೇಕು. ಆದರೆ ಸಮಾಧಿಯ ಜಾಗವೂ ಹೊಲಮನೆಯ ಜೊತೆಗೇ ಹೋಗುತ್ತದೆ. ಕೆಮ್ಮಿನಲ್ಲಿ ರಕ್ತ ಬರತೊಡಗಿದಾಗ, ನನ್ನ ಭುಜ ಹಿಡಿದು ಸ್ಟೆಫೆನ್‌ನ ಮನೆಗೆ ನಡೆದ. ಅದು ಅವನು ಹುಟ್ಟಿದ ಮನೆ. ಒಳಗೆ ಹೋಗಲಿಲ್ಲ.

"ಲೋಕಾಂಪ್," ಎಂದ ಅಪ್ಪ. ಆ ಮಾತು ಅವನ ಬಾಯಿಂದ ಹೇಗೆ ಬಂತೋ! "ನಿಮ್ ಸಮಾಧಿ ಜಾಗದಲ್ಲಿ ನಂಗೊಂದು ಮೂಲೆ ಕೊಡಿ. ನಮ್ಮಮ್ಮ ಅಲ್ಲವ್ಳೆ."

ಸ್ಟೆಫೆನ್ ಕೆಟ್ಟವನಲ್ಲ. ನೆಲ ನೋಡುತ್ತ ಹೇಳಿದ: "ಅವೆರ್‌ಬೆಕ್ ಯಜಮಾನ್ರೇ, ಹೋದ ಚಳೀಲಿ ನನ್ನೆರಡು ಮಕ್ಕಳ್ನ ಅಲ್ಲೇ ಮಲಗಿಸಿದೀನಿ. ಉಳಿದಿರೋದು ನಂಗೆ, ನನ್ ಹೆಂಡ್ತಿಗೆ. ಹೆಂಗೆ ಕೊಡ್ಲಿ?"

ಮನೆಗೆ ಬಂದರೆ ಅಮ್ಮ ಹಂದಿಕೊಬ್ಬು ಕರಿಯುತ್ತಿದ್ದಳು. "ಇಷ್ಟು ವರ್ಷ ನನ್ ಪಕ್ಕ ಮಲಗಿದ್ರಿ, ಈಗೇನು, ಅಮ್ಮನ ಮಡಿಲು ಬೇಕಾಯ್ತಾ?" ಎಂದಳು. ತಮಾಷೆಗೇ ಅಂದದ್ದು, ಆದರೆ ಬಾಣಲೆಯಿಂದ ತಲೆ ಎತ್ತಲಿಲ್ಲ. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ. ಮತ್ತೆ ಹೊರಗೆ ಬಂದದ್ದು ಹೆಣವಾಗಿ.

ಶಿಲುಬೆಯ ಮೇಲೆ ಅವೆರ್‌ಬೆಕ್ ಎಂದೇ ಬರೆಸಿದೆವು. ಅವೆರ್‌ಬೆಕ್ ಜಾಗದಲ್ಲಿ ಬೇರೆ ಹೆಸರು ನಿಲ್ಲಿಸಲು ಯಾರು ಬಿಡುತ್ತಾರೆ? ಹೆಣ ಇಳಿಸುವುದು ನೆರೆಯವರ ಕೆಲಸ. ತಲೆಯ ಕಡೆ ಹಗ್ಗ ಹಿಡಿದವನು ಸ್ಟೆಫೆನ್. ಪೆಟ್ಟಿಗೆ ವಾರೆಯಾಗಿ ಗುಂಡಿಯ ಅಂಚಿಗೆ ಸಿಕ್ಕಿಕೊಂಡಿತು.

"ಲೋಕಾಂಪ್!" ಎಂದು ಎದುರಿಗಿದ್ದವನು ಗದರಿದ. "ಇಳೀಬಾರ್ದಾ? ಹಗ್ಗ ಬಿಡೋ!"

ಸ್ಟೆಫೆನ್ ಹಗ್ಗ ಸಡಿಲಿಸಿದ. ಅಪ್ಪ ಇಳಿದ.