ಡಯಾಲಿಸಿಸ್ ದಿನದ ಮಬ್ಬು ರಸ್ತೆ

ನಾನು ಹದಿನೆಂಟು ವರ್ಷ ಗೂಡ್ಸ್ ಆಟೊ ಓಡಿಸಿದವನು. ಹನೂರಿನಿಂದ ಕೊಳ್ಳೇಗಾಲಕ್ಕೆ ಟೊಮೆಟೊ, ರೇಷ್ಮೆಗೂಡು, ಬಾಳೆಗೊನೆ; ಅಲ್ಲಿಂದ ವಾಪಸು ಬರುವಾಗ ಸಿಮೆಂಟು, ಹಿಂಡಿ, ಮದುವೆಮನೆಯ ಪಾತ್ರೆ. ಲೋಡು ಇಳಿಸುವ ಹೊತ್ತಿನಲ್ಲೂ ಸೀಟಿನಲ್ಲಿ ಕೂತವನಲ್ಲ. ಟೈರು ಒದ್ದು ನೋಡುತ್ತಿದ್ದೆ, ಹಗ್ಗ ಬಿಗಿಯುತ್ತಿದ್ದೆ, ಏನೂ ಇಲ್ಲದಿದ್ದರೆ ಟೀ ಅಂಗಡಿಯವನ ಜೊತೆ ಒಂದು ಮಾತು ತೆಗೆಯುತ್ತಿದ್ದೆ. ಅಂಥವನನ್ನು ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಒಂದು ಕೈ ಅಲ್ಲಾಡಿಸದಂತೆ ಮಲಗಿಸಿದರೆ ಏನಾಗುತ್ತದೆ ಎಂಬುದು ನನ್ನ ಹೆಂಡತಿಗೆ ಮಾತ್ರ ಸರಿಯಾಗಿ ಗೊತ್ತು.

ಬಿ.ಪಿ. ಇರುವುದು ನನಗೆ ಮೊದಲೇ ಗೊತ್ತಿತ್ತು. ಮಾತ್ರೆ ನುಂಗದೆ ವರ್ಷಗಟ್ಟಲೆ ಕಳೆದದ್ದೂ ಗೊತ್ತಿತ್ತು. ಪಾದ ಊದಿಕೊಂಡು ಚಪ್ಪಲಿ ಹತ್ತದಿದ್ದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಎರಡು ಕಿಡ್ನಿಯೂ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿಬಿಟ್ಟಿದ್ದವು. ಡಯಾಲಿಸಿಸ್ ಸೂಜಿಗೆಂದು ಎಡಗೈ ಮಣಿಕಟ್ಟಿನ ಹತ್ತಿರ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದರು. ಅಲ್ಲಿ ಬೆರಳಿಟ್ಟರೆ ಚರ್ಮದೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ ಈಗಲೂ ಗುಂಯ್ ಅನ್ನುತ್ತದೆ.

ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಕೊಳ್ಳೇಗಾಲದಲ್ಲಿರಬೇಕು. ಹೋದ ತಕ್ಷಣ ತೂಕ ನೋಡುತ್ತಾರೆ. ಆಮೇಲೆ ಎರಡು ಸೂಜಿ. ಒಂದರಿಂದ ಹೊರಟ ರಕ್ತ ಮಿಷಿನ್ನಿನಲ್ಲಿ ಶುದ್ಧವಾಗಿ ಇನ್ನೊಂದರಿಂದ ಒಳಗೆ ಬರುತ್ತದೆ. ಜೊತೆಗೆ ಮೈಯಲ್ಲಿ ನಿಂತ ನೀರನ್ನೂ ಮಿಷಿನ್ನೇ ಎಳೆದು ತೆಗೆಯಬೇಕು. ನನಗೆ ಮೂತ್ರ ಹೆಸರಿಗೆ ಮಾತ್ರ. ಕುಡಿದದ್ದಕ್ಕೆ ಹೊರಗೆ ಹೋಗುವ ಬೇರೆ ದಾರಿಯಿಲ್ಲ. ಅದಕ್ಕೇ ದಿನಕ್ಕೆ ಮೂರು ಲೋಟ ನೀರು ಅಂತ ಹೇಳಿದ್ದರು.

ಮೂರು ಲೋಟ! ಹನೂರಿನ ಬಿಸಿಲಲ್ಲಿ ಅದು ಗಂಟಲು ದಾಟುವುದೇ ಇಲ್ಲ. ಹೆಂಡತಿ ಬೆಳಿಗ್ಗೆ ಒಂದು ಚೊಂಬಿನಲ್ಲಿ ಅಳೆದಿಡುತ್ತಿದ್ದಳು. ನಾನು ಅದನ್ನು ಅವಳ ಮುಂದೆ ಗುಟುಕು ಗುಟುಕಾಗಿ ಕುಡಿದು, ಹೊರಗೆ ಬಂದು ಆಟೊದಲ್ಲಿದ್ದ ಕ್ಯಾನಿಗೆ ಬಾಯಿ ಹಚ್ಚುತ್ತಿದ್ದೆ. ಯಾರದೋ ಜಮೀನಿಗೆ ಲೋಡಿಗೆ ಹೋದರೆ ಮಜ್ಜಿಗೆ. ಸಂತೆಯಲ್ಲಿ ಐಸ್ ಕ್ಯಾಂಡಿ. ತೂಕದ ಮಿಷಿನ್ನು ಮಾತ್ರ ಚಾಡಿ ಹೇಳುತ್ತಿತ್ತು.

"ಅಣ್ಣ, ಮೂರೂವರೆ ಕೆ.ಜಿ. ಜಾಸ್ತಿ ಅದ," ಎಂದು ಡಯಾಲಿಸಿಸ್ ಟೆಕ್ನಿಷಿಯನ್ ಹುಬ್ಬು ಗಂಟಿಕ್ಕುತ್ತಿದ್ದ. "ಇಷ್ಟು ನೀರ ನಾಕು ಗಂಟೇಲಿ ತಗುದ್ರ ಬಿ.ಪಿ. ಬಿದ್ದೋಯ್ತದ ಕನಣ್ಣ."

"ಅದು ಬಿದ್ರ ಬೀಳ್ಲಿ ಬುಡಪ್ಪ. ನಾನು ಬೀಳಲ್ಲ."

ಮೊದಲ ಸಲ ಕಣ್ಣು ಮಬ್ಬಾದದ್ದು ಮಂಚದ ಮೇಲೆಯೇ. ಕೊನೆಯ ಗಂಟೆ. ಯಾವಾಗ ಮುಗಿದೀತೋ ಎಂದು ನಿಮಿಷಕ್ಕೊಮ್ಮೆ ಗೋಡೆ ಗಡಿಯಾರ ನೋಡುತ್ತಿದ್ದೆ. ಆಕಳಿಕೆ ಬಂತು, ಬೆವರು ಬಂತು, ಗಡಿಯಾರದ ಅಂಕಿಗಳು ವೋಲ್ಟೇಜು ಇಳಿದ ಬಲ್ಬಿನ ಹಾಗೆ ಕಂದಿದವು. ಟೆಕ್ನಿಷಿಯನ್ ಓಡಿ ಬಂದು ಕಾಲ ಕಡೆ ಮಂಚ ಎತ್ತಿಸಿ, ಸಲೈನ್ ಬಿಟ್ಟ. ಸ್ವಲ್ಪ ಹೊತ್ತಿಗೆ ಅಂಕಿಗಳು ವಾಪಸು ಬಂದವು. ಇದು ಇದ್ದದ್ದೇ ಅಂದುಕೊಂಡೆ. ಆದರೆ ಮುಂದಿನ ವಾರಗಳಲ್ಲಿ ಅದು ಸೂಜಿ ತೆಗೆದ ಮೇಲೂ ಬರತೊಡಗಿತು. ಮೆಟ್ಟಿಲು ಇಳಿಯುವಾಗ ಬೂದುಬಣ್ಣದ ಪೊರೆ, ಗೇಟಿನ ಹತ್ತಿರ ಬರುವಷ್ಟರಲ್ಲಿ ಮಾಯ. ಒಂದೊಂದು ದಿನ ಆಟೊ ಸ್ಟಾರ್ಟ್ ಮಾಡಿದ ಮೇಲೂ ಇರುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು: ಗಾಡಿ ಓಡಿಸಬೇಡ.

ಆ ಗುರುವಾರ ಹನ್ನೊಂದೂವರೆಗೆ ಡಯಾಲಿಸಿಸ್ ಮುಗಿಸಿ ಹೊರಟೆವು. ಹೆಂಡತಿ ಪಕ್ಕದಲ್ಲಿ, ತೊಡೆಯ ಮೇಲೆ ಊಟದ ಡಬ್ಬಿ. ಮಧುವನಹಳ್ಳಿ ದಾಟುವವರೆಗೆ ಏನೂ ಇರಲಿಲ್ಲ. ಕಾಮಗೆರೆ ಇನ್ನೂ ಮುಂದಿದೆ ಅನ್ನುವಾಗ ರಸ್ತೆಯ ಕೆಳಭಾಗ ಕರಗಿತು. ಮರದ ತುದಿಗಳು ಕಾಣುತ್ತಿದ್ದವು, ಕರೆಂಟು ತಂತಿ ಕಾಣುತ್ತಿತ್ತು. ಟಾರು ಮಾತ್ರ ಇರಲಿಲ್ಲ. ವೇಗ ತಗ್ಗಿಸಿದೆ. ಅಷ್ಟರಲ್ಲಿ ಒಂದು ಹಸಿರು ಹುಲ್ಲಿನ ಹೊರೆ, ಹೊತ್ತವರಿಲ್ಲದೆ, ತಾನಾಗಿಯೇ ಗಾಳಿಯಲ್ಲಿ ತೇಲಿಕೊಂಡು ರಸ್ತೆಗೆ ಅಡ್ಡ ಬಂತು. ಅದು ಏನೆಂದು ನಾನು ಯೋಚಿಸುತ್ತಿದ್ದೆ. ಬ್ರೇಕಿನ ಮೇಲೆ ಕಾಲಿಡುವುದು ಬಿಟ್ಟು ಯೋಚಿಸುತ್ತಿದ್ದೆ!

ಹೆಂಡತಿ ಕಿರುಚಿದಳು. ಕಿರುಚಿದ್ದಷ್ಟೇ ಅಲ್ಲ, ಬಗ್ಗಿ ಹ್ಯಾಂಡ್ ಬ್ರೇಕನ್ನು ಎರಡು ಕೈಯಲ್ಲಿ ಎಳೆದಳು. ಗಾಡಿ ಅಡ್ಡಡ್ಡ ಜಾರಿ ನಿಂತಿತು. ಡಬ್ಬಿ ಉರುಳಿತು. ಹುಲ್ಲಿನ ಹೊರೆ ಕೆಳಗೆ ಬಿತ್ತು, ಅದರ ಹಿಂದೆ ಒಂದು ಧ್ವನಿ:

"ಕಣ್ ಕಾಣಾಕಿಲ್ವೇನ್ಲಾ ನಿಂಗ? ಮಟಮಟ ಮಧ್ಯಾನ್ದಲ್ಲಿ ಜನರ ಮ್ಯಾಲ ಗಾಡಿ ಬುಡ್ತೀಯಾ?"

ನನ್ನ ತಾಯಿಯ ವಯಸ್ಸಿನ ಹೆಂಗಸು. ಅವಳು ಬೈದದ್ದು ಬೈಗುಳವೇ ಆಗಿರಲಿಲ್ಲ, ಇದ್ದ ವಿಷಯ. ಹೆಂಡತಿ ಇಳಿದು ಹೋಗಿ ಅವಳ ಕೈ ಹಿಡಿದುಕೊಂಡು, ಪೆಟ್ಟಾಗಿಲ್ಲವೆಂದು ನೋಡಿ, ಹೊರೆಯನ್ನು ಮತ್ತೆ ತಲೆಗೆ ಏರಿಸಿಕೊಟ್ಟು ಬಂದಳು. ನಾನು ಸ್ಟೇರಿಂಗ್ ಹಿಡಿದು ಕೂತೇ ಇದ್ದೆ.

"ಎಷ್ಟು ದಿವ್ಸದಿಂದ?" ಎಂದಳು.

"ಎರಡು ತಿಂಗ್ಳು."

ಅವಳು ಆಟೊ ಪಕ್ಕಕ್ಕೆ ತಳ್ಳಿಸಿ, ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಬಸ್ಸಿನಲ್ಲಿ ಹನೂರಿಗೆ ಹೋದೆವು. ಮನೆಯಲ್ಲಿ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಬಲಗಣ್ಣು ಮುಚ್ಚಿಸಿ, ಒಂದು ಸ್ಟೀಲ್ ಲೋಟವನ್ನು ಮೇಲಿನಿಂದ ಕೆಳಕ್ಕೆ ಇಳಿಸಿದಳು. ಮೂಗಿನ ಮಟ್ಟಕ್ಕೆ ಬಂದಾಗ ಲೋಟ ಇಲ್ಲವಾಯಿತು. ಮೇಲೆತ್ತಿದರೆ ಕಾಣುತ್ತಿತ್ತು, ಇಳಿಸಿದರೆ ಇಲ್ಲ. ಬಲಗಣ್ಣಿನ ಮಬ್ಬು ಅಷ್ಟು ಹೊತ್ತಿಗೆ ತಿಳಿಯಾಗಿತ್ತು. ಎಡಗಣ್ಣಿನ ಕೆಳಗಿನ ಅರ್ಧ ಮಾತ್ರ ಬರಲೇ ಇಲ್ಲ. ನಾನು ಎದ್ದು ಅಂಗಳದಲ್ಲಿ ಆಚೆ ಈಚೆ ತಿರುಗಾಡಿದೆ. ಒಂದು ಕಣ್ಣು ಮುಚ್ಚಿ ತೆಗೆದು, ಇನ್ನೊಂದು ಮುಚ್ಚಿ ತೆಗೆದು, ಬೇಲಿಯ ಕಂಬಗಳನ್ನು ನೋಡಿದೆ. ಎಡಗಣ್ಣಿಗೆ ಅವುಗಳ ಬುಡ ಇರಲಿಲ್ಲ.

ಮರುದಿನವೇ ಹೆಂಡತಿ ಟೆಕ್ನಿಷಿಯನ್‌ಗೆ ಫೋನ್ ಮಾಡಿದಳು. ಅವನು ಕಣ್ಣಿನ ಡಾಕ್ಟರೊಬ್ಬರ ಹತ್ತಿರ ಕಳಿಸಿದ. ಆ ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ ಒಳಗೆ ನೋಡಿದರು. ಆಮೇಲೆ, "ಶನಿವಾರ ಬೇಗ ಬಾಗಿಲು ತೆಗಿಸ್ತೀನಿ, ಡಯಾಲಿಸಿಸ್‌ಗೆ ಮುಂಚೆ ಒಂದ್ಸಲ ಬನ್ನಿ, ಮುಗಿಸಿಕೊಂಡು ಇನ್ನೊಂದ್ಸಲ ಬನ್ನಿ," ಎಂದರು. ಹಾಗೇ ಮಾಡಿದೆವು. ಕಣ್ಣಿನ ಒಳಗಿನ ಚಿತ್ರ ತೆಗೆಯುವ ಮಿಷಿನ್ನಿನ ಪಟ್ಟಿಯ ಮೇಲೆ ಗದ್ದವಿಟ್ಟು ಹಸಿರು ಚುಕ್ಕಿಯನ್ನೇ ನೋಡಬೇಕಿತ್ತು. ನನಗೆ ಅಷ್ಟು ಹೊತ್ತು ತಲೆ ನಿಲ್ಲಿಸಲಾಗದೆ ಹೆಂಡತಿ ಹಿಂದಿನಿಂದ ಹಿಡಿದುಕೊಂಡಳು.

ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಡಾಕ್ಟರಮ್ಮ ತೋರಿಸಿದರು. ಕಣ್ಣಿನ ಹಿಂಬದಿಯಲ್ಲಿ ರಕ್ತನಾಳಗಳೇ ಒತ್ತೊತ್ತಾಗಿ ತುಂಬಿದ ಒಂದು ಪದರ ಇರುತ್ತದಂತೆ. ಬೆಳಿಗ್ಗೆಯ ಚಿತ್ರದಲ್ಲಿ ಅದು ದಪ್ಪಗಿತ್ತು. ಮಧ್ಯಾಹ್ನದ್ದರಲ್ಲಿ ತೆಳ್ಳಗಾಗಿತ್ತು.

"ನಾಲ್ಕು ಗಂಟೆಯಲ್ಲಿ ಅಷ್ಟೊಂದು ನೀರು ತೆಗೆದರೆ ಬಿ.ಪಿ. ಇಳಿಯುತ್ತೆ. ಆಗ ಕಣ್ಣಿಗೆ ಹೋಗೋ ರಕ್ತಾನೂ ಕಮ್ಮಿಯಾಗುತ್ತೆ. ಕಾಲುವೆಯಲ್ಲಿ ನೀರು ತಗ್ಗಿದರೆ ಕೊನೆಯ ಜಮೀನಿಗೆ ತಾನೇ ಮೊದಲು ತೊಂದರೆ? ಎಲ್ಲರ ಕಣ್ಣೂ ಹೀಗಾಗಲ್ಲ. ಹೆಚ್ಚಿನವರಿಗೆ ಮತ್ತೆ ಸರಿಹೋಗುತ್ತೆ. ನಿಮ್ಮ ನಾಳಗಳು ಹಳೇ ಬಿ.ಪಿ.ಯಿಂದ ಮೊದಲೇ ಗಟ್ಟಿಯಾಗಿವೆ. ಎಡಗಣ್ಣಿನ ನರಕ್ಕೆ ರಕ್ತ ಸಾಲದೆ ಪೆಟ್ಟಾಗಿದೆ."

"ಹೋದ ನೋಟ ವಾಪಸು ಬತ್ತದಾ ಮೇಡಂ?" ಎಂದೆ.

"ಹೋದದ್ದು ಬರೋದು ಕಷ್ಟ. ಇನ್ನೊಂದು ಕಣ್ಣು ಉಳಿಸಿಕೊಳ್ಳೋಣ." ಅವರು ಮಾತ್ರೆಯ ಚೀಟಿ ತಿರುವಿದರು. "ಡಯಾಲಿಸಿಸ್ ದಿನ ಬೆಳಿಗ್ಗೆ ಬಿ.ಪಿ. ಮಾತ್ರೆ ತಗೊಂಡೇ ಹೋಗ್ತೀರಾ?"

ಹೆಂಡತಿ ಮುಂದೆ ಬಂದಳು. "ನಾನೇ ಕೊಡ್ತೀನಿ ಮೇಡಂ. ಇವ್ರು ಮರ್ತುಬುಡ್ತಾರ ಅಂತ ಬಸ್‌ಸ್ಟ್ಯಾಂಡ್ ಅತ್ರ ಟೀ ಜೊತೇಲಿ ಕೈಯಾರ ನುಂಗುಸ್ತೀನಿ."

"ಆ ದಿನದ ಮಾತ್ರೆ ಯಾವಾಗ ತಗೋಬೇಕು ಅಂತ ಕಿಡ್ನಿ ಡಾಕ್ಟರನ್ನ ಕೇಳಿ. ನಾನೂ ಬರೆದುಕೊಡ್ತೀನಿ. ಮಾತ್ರೆಯೂ ಬಿ.ಪಿ. ಇಳಿಸುತ್ತೆ, ಮಿಷಿನ್ನೂ ಇಳಿಸುತ್ತೆ."

ಹೆಂಡತಿ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಜನರ ಮುಂದೆ ಅತ್ತದ್ದು ನಾನು ನೋಡಿರಲಿಲ್ಲ. "ನನ್ ಕೈಯಾರ ಕೊಟ್ಟು ನಿಮ್ ಕಣ್ಣ ತಗುದ್ನಲ್ಲಾ," ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾತ್ರೆಯ ವಿಷಯ ಯಾರಾದರೂ ಮೊದಲೇ ಹೇಳಿದ್ದರೋ ಏನೋ. ಹೇಳಿದ್ದರೂ ಕೇಳಿಸಿಕೊಳ್ಳುವ ಸ್ತಿಮಿತ ಆ ದಿನಗಳಲ್ಲಿ ನಮ್ಮಿಬ್ಬರಿಗೂ ಇರಲಿಲ್ಲ.

ನಾನು ನಿಂತೆ, ಕೂತೆ, ಮತ್ತೆ ನಿಂತೆ. ಕೊನೆಗೆ ಬಾಯಿ ಬಿಟ್ಟೆ. "ನಿನ್ ಮಾತ್ರೆ ಅಲ್ಲ ಕಣಮ್ಮಿ. ಆಟೊದಲ್ಲಿ ಒಂದು ಕ್ಯಾನ್ ಅದ. ದಿನಾ ನಾನು ಅದ್ರಲ್ಲಿ ಕುಡೀತಿದ್ದಿ. ಮಜ್ಜಿಗೆ ಕುಡೀತಿದ್ದಿ. ನೀನು ಅಳದು ಕೊಟ್ಟಿದ್ದ ಕುಡುದದ್ದು ಬರೀ ನಾಟ್ಕಕ್ಕ."

ಅವಳ ಅಳು ನಿಂತಿತು. "ಬಡ್ಕೊಂಡು ಸಾಯ್ಲಾ ನಿಮ್ ಬುದ್ಧಿಗ?" ಎಂದಳು. ಆಮೇಲೆ ಎದ್ದು ನಡೆದಳು. ನಾನು ಹಿಂದೆ ಹಿಂದೆ ಹೋದೆ.

ಕಿಡ್ನಿ ಡಾಕ್ಟರು ಡಯಾಲಿಸಿಸ್ ದಿನದ ಮಾತ್ರೆಯನ್ನು ಸಂಜೆಗೆ ಬದಲಾಯಿಸಿದರು. ನಾಲ್ಕು ಗಂಟೆಯನ್ನು ನಾಲ್ಕೂವರೆ ಮಾಡಿ, ನೀರನ್ನು ನಿಧಾನವಾಗಿ ತೆಗೆಯಲು ಹೇಳಿದರು. ಮಿಷಿನ್ನಿನ ದ್ರಾವಣವನ್ನು ಸ್ವಲ್ಪ ತಣ್ಣಗಿಟ್ಟರೆ ಬಿ.ಪಿ. ಅಷ್ಟು ಬೀಳುವುದಿಲ್ಲವಂತೆ, ಅದಕ್ಕೇ ಬೇಸಿಗೆಯಲ್ಲೂ ಕಂಬಳಿ ಹೊದ್ದು ನಡುಗುತ್ತೇನೆ. ನೀರು ಈಗ ನಿಜವಾಗಿಯೂ ಮೂರು ಲೋಟ. ನಾಲಿಗೆ ಅಂಗುಳಿಗೆ ಅಂಟಿದಾಗ ಒಂದು ಲವಂಗ ಬಾಯಿಗೆ ಹಾಕಿಕೊಂಡು ಬೀದಿ ಸುತ್ತುತ್ತೇನೆ. ಎಡಗಣ್ಣು ಹಾಗೇ ಉಳಿಯಿತು. ಬಲಗಣ್ಣು ಸದ್ಯಕ್ಕೆ ಚೆನ್ನಾಗಿದೆ ಎನ್ನುತ್ತಾರೆ ಡಾಕ್ಟರಮ್ಮ. 'ಸದ್ಯಕ್ಕೆ' ಎಂಬ ಮಾತು ನನಗೆ ಹಿಡಿಸುವುದಿಲ್ಲ.

ಆಟೊವನ್ನು ಮಾರೋಣ ಎಂದೆ. ಹೆಂಡತಿ ಒಪ್ಪಲಿಲ್ಲ. ಅವಳ ತವರು ಯಳಂದೂರು ತಾಲ್ಲೂಕಿನ ಅಗರ. ಮದುವೆಗೆ ಮುಂಚೆ ಅಲ್ಲಿ ಅಣ್ಣನ ಟ್ರ್ಯಾಕ್ಟರನ್ನು ಗದ್ದೆಯಲ್ಲಿ ಓಡಿಸುತ್ತಿದ್ದಳಂತೆ. ಇಷ್ಟು ವರ್ಷ ಪಕ್ಕದಲ್ಲೇ ಕೂತವಳು ಒಮ್ಮೆಯೂ ಹೇಳಿರಲಿಲ್ಲ. "ನೀವು ಕೇಳ್ಲಿಲ್ಲ," ಎಂದಳು. ಮಧುವನಹಳ್ಳಿ ಹತ್ತಿರದ ಒಂದು ಖಾಲಿ ಬಯಲಲ್ಲಿ ಒಂದು ತಿಂಗಳು ಕಲಿತಳು. ಲೈಸೆನ್ಸ್ ಬಂತು.

ಮೊನ್ನೆ ಅಗರಕ್ಕೆ ಹೋಗಿ ಅವಳ ಅಣ್ಣನ ಜಮೀನಿನ ಅರಿಶಿನದ ಮೂಟೆ ತುಂಬಿಕೊಂಡು ಬರುತ್ತಿದ್ದೆವು. ಗೇರು ಬದಲಾಯಿಸು, ಹಾರನ್ ಹೊಡಿ, ಬಲಕ್ಕೆ ಹೋಗಬೇಡ ಎಂದು ನಾನು ಹೇಳುತ್ತಲೇ ಇದ್ದೆ. ಒಂದು ಸೇತುವೆ ದಾಟಿ ಅವಳು ಗಾಡಿ ನಿಲ್ಲಿಸಿದಳು.

"ಸುಮ್ನ ಕೂತ್ಕತೀರೋ, ಇಳೀತೀರೋ?"

ನಾನು ಇಳಿದೆ. ಕೋಪಕ್ಕೆ ಸ್ವಲ್ಪ ದೂರ ನಡೆದೆ. ಅವಳು ನನ್ನನ್ನು ದಾಟಿ ಹೋಗಿ, ಫರ್ಲಾಂಗು ದೂರದಲ್ಲಿ ಹೊಂಗೆಮರದ ನೆರಳಿಗೆ ಗಾಡಿ ಹಾಕಿ ಕಾಯುತ್ತಿದ್ದಳು. ಹತ್ತಿ ಕೂತೆ. ಕೊಳ್ಳೇಗಾಲ ಬರುವವರೆಗೆ ಮಾತಾಡಬಾರದೆಂದು ಹಲ್ಲು ಕಚ್ಚಿದೆ. ಊರು ಕಾಣುವ ಮುಂಚೆಯೇ ಬಾಯಿ ತೆರೆಯಿತು:

"ಮುಂದ ಹಂಪ್ ಅದ ನೋಡು."

ಅವಳು ಆಗಲೇ ನಿಧಾನ ಮಾಡಿದ್ದಳು.