ಕೇಳಿ ನುಡಿಯುವ ಡಬ್ಬಿ

ನನ್ನ ಗಿಟಾರಿಗೆ ಒಂದು ಚಾಳಿಯಿದೆ. ಅದು ಹಾಡುವುದಿಲ್ಲ, ಚಾಡಿ ಹೇಳುತ್ತದೆ. ಆರು ತಂತಿಗಳ ಕೆಳಗೆ ಆರು ಪುಟ್ಟ ಕಿವಿಗಳಿರುವ ಪಟ್ಟಿಯೊಂದನ್ನು ಕೂರಿಸಿದ್ದಾರೆ. ಪ್ರತಿ ತಂತಿಯ ನಡುಕವನ್ನೂ ಅವು ಬೇರೆಬೇರೆಯಾಗಿ ಕೇಬಲ್ಲಿನ ಆಚೆ ತುದಿಗೆ ಮುಟ್ಟಿಸುತ್ತವೆ. ಮಿಡಿ ಗಿಟಾರ್ ಎಂದರೆ ಇದೇ. ಆಚೆ ತುದಿಯಲ್ಲಿ ಚಾಡಿ ಕೇಳುವವರು ಬೇಕಲ್ಲ? ಅದು ಸಿಂಥಸೈಜರ್ ಎಂಬ ಡಬ್ಬಿ. ಚಾಡಿ ಕೇಳಿದವರೆಲ್ಲ ಮಾಡುವಂತೆ ಅದೂ ಕೇಳಿದ್ದನ್ನು ತನ್ನ ದನಿಯಲ್ಲಿ ಬಣ್ಣ ಕಟ್ಟಿ ಹೇಳುತ್ತದೆ: ಕೊಳಲಾಗಿ, ಪಿಟೀಲಾಗಿ, ಹಾರ್ಮೋನಿಯಂ ಆಗಿ. ನನ್ನಲ್ಲಿ ಗಿಟಾರಿತ್ತು, ಡಬ್ಬಿ ಇರಲಿಲ್ಲ. ಆರಿಸಬೇಕಿತ್ತು.

ಆರಿಸುವುದು ನನಗೆ ಹೊಸದಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಅಲ್ಲಿ ಕಲಿಸುವುದು ಒಂದೇ ವಿದ್ಯೆ: ಎದುರಾಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ನಿನ್ನ ಉತ್ತರ ಸಿದ್ಧವಿರಬೇಕು. ಸೋಲಾಪುರದಲ್ಲಿ ನಮ್ಮದು ಚಾದರದ ಅಂಗಡಿ. ಅಪ್ಪ ಗಿರಾಕಿಗೆ ಚಾದರ ಬಿಚ್ಚಿ ತೋರಿಸುವ ಮೊದಲೇ ಅದು ಅವರಿಗೇಕೆ ತಕ್ಕದ್ದಲ್ಲ ಎಂದು ನಾನು ಒಮ್ಮೆ ತರ್ಕಬದ್ಧವಾಗಿ ವಿವರಿಸಿದೆ. ಅಂದಿನಿಂದ ಅಂಗಡಿಗೆ ನನ್ನ ಪ್ರವೇಶ ಕಡಿಮೆ. ದೇವರಿಲ್ಲ ಎಂದು ವಾದಿಸಿ ಒಂದು ಹಿತ್ತಾಳೆ ಕಪ್ಪನ್ನೂ ಗೆದ್ದಿದ್ದೇನೆ. ಅದೀಗ ಅಕ್ಕಲಕೋಟದ ಸಂಗವ್ವತ್ತೆಯ ದೇವರ ಜಗುಲಿಯ ಮೇಲಿದೆ. ಅದರಲ್ಲಿ ಅವಳು ಊದುಬತ್ತಿ ಚುಚ್ಚುತ್ತಾಳೆ.

ಡಬ್ಬಿ ಬೇಕಾದದ್ದೂ ಈ ಸಂಗವ್ವತ್ತೆಯಿಂದಲೇ. ಅವಳು ಅಪ್ಪನ ಅಕ್ಕ. ಅವಳ ಪಡಸಾಲೆಯಲ್ಲಿ ಗುರುವಾರ ಸಂಜೆ ಹೆಂಗಸರ ಭಜನೆ. ಪೇಟಿ, ಎಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವರು ಎದುರು ಮನೆಯ ಗುರುಪಾದ ಕಾಕಾ. ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತೆಂಬ ಒಂದು ಗಂಭೀರ ಸೈದ್ಧಾಂತಿಕ ಭಿನ್ನಾಭಿಪ್ರಾಯದಿಂದ ಅವರು ಪೇಟಿಯನ್ನು ಎತ್ತಿಕೊಂಡು ಹಿಂದಿನ ಓಣಿಯ ಮಂಡಳಿಗೆ ಪಕ್ಷಾಂತರ ಮಾಡಿದರು. ಸ್ವರವಿಲ್ಲದ ಭಜನೆಯಿಂದ ಒಬ್ಬೊಬ್ಬರೇ ಜಾರಿ ಅದೇ ಓಣಿಯತ್ತ ನಡೆದರು. ಅತ್ತೆ ಫೋನಿನಲ್ಲಿ ಹೇಳಿದಳು: “ಶ್ರಾವಣ ಬರೂದ್ರಾಗ ಸ್ವರಾ ಸಿಗಲಿಲ್ಲಂದ್ರ ತಾಳ ಒಯ್ದು ಆ ಮಂಡಳಿಗೇ ಕೊಟ್ಟು ಬರ್ತೀನಿ. ನಂದು ಮುಗೀತು.”

“ನಾ ನುಡಸ್ತೀನಿ ಬಿಡು. ಖರೆ ನನಗ ದೇವರ ಮ್ಯಾಲ ನಂಬಿಕಿ ಇಲ್ಲ,” ಎಂದೆ. ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ.

“ಇಲ್ಲದಿದ್ರ ಇರವಲ್ದಾಕ. ಬೆರಳರೆ ಅದಾವಿಲ್ಲ?”

ಸೋಲಾಪುರದ ವಾದ್ಯದಂಗಡಿಯವನ ಬಳಿ ಎರಡು ಡಬ್ಬಿಗಳಿದ್ದವು. ಒಂದು ಹೊಸದು, ಮೈತುಂಬ ದೀಪ. “ಹೀ ಘ್ಯಾ ತಾಈ, ಲಯ್ ಫಾಸ್ಟ್ ಆಹೆ!” ಎಂದು ಅದರ ಚುರುಕನ್ನು ಮರಾಠಿಯಲ್ಲಿ ಹೊಗಳಿ ಅದನ್ನೇ ಮುಂದೆ ತಳ್ಳಿದ. ಇನ್ನೊಂದು ಯಾರೋ ಬಳಸಿ ಮಾರಿದ ಹಳೆಯದು. ಅದರ ಬಗ್ಗೆ ಅವನಿಗೇ ಮುಜುಗರವಿತ್ತು. ಎರಡನ್ನೂ ಅಲ್ಲೇ ನುಡಿಸಿ ನೋಡಲು ಬಿಟ್ಟ, ಒಂದೊಂದು ವಾರ ಒಯ್ದು ನೋಡಲೂ ಒಪ್ಪಿದ.

ಇಲ್ಲಿ ಸ್ವಲ್ಪ ಶಾಸ್ತ್ರ. ಬೇಸರಪಡಬೇಡಿ, ಬೇಗ ಮುಗಿಸುತ್ತೇನೆ. ತಂತಿ ಒಂದೆರಡು ಸಲವಾದರೂ ಪೂರ್ತಿ ತೂಗಿದ ಮೇಲೆಯೇ ಅದು ಯಾವ ಸ್ವರವೆಂದು ಡಬ್ಬಿಗೆ ಗೊತ್ತಾಗುವುದು. ಸಣ್ಣ ತಂತಿ ಚುರುಕು, ಬೇಗ ತೂಗುತ್ತದೆ. ದಪ್ಪ ತಂತಿಗೆ ಊಟವಾದ ಮೇಲಿನ ನಡಿಗೆ. ಹಾಗಾಗಿ ಕೆಳಸ್ವರಗಳು ತುಸು ತಡವಾಗಿಯೇ ಹೊರಡುತ್ತವೆ. ಹಳೆಯ ಡಬ್ಬಿ ಇದನ್ನೆಲ್ಲ ತಾಳ್ಮೆಯಿಂದ ಕೇಳಿ ಆಮೇಲೆ ನುಡಿಯುತ್ತಿತ್ತು. ಹೊಸದು ಕಾಯುತ್ತಿರಲಿಲ್ಲ, ಅರ್ಧ ಕೇಳಿ ಉಳಿದದ್ದನ್ನು ಊಹಿಸುತ್ತಿತ್ತು. ನನಗೆ ಅದರ ಮೇಲೆ ಮೊದಲ ನೋಟದಲ್ಲೇ ಮಮತೆ ಹುಟ್ಟಿತು. ನಮ್ಮ ಕುಲದ್ದು!

ಮೊದಲ ಗುರುವಾರ ಅದನ್ನೇ ಒಯ್ದೆ. ಹಾರ್ಮೋನಿಯಂ ಕೂಡ ಹೊರದೇಶದಿಂದ ಬಂದದ್ದೇ, ಗಿಟಾರಿಗೇಕೆ ಮಡಿ ಎಂಬ ವಾದವನ್ನು ಬಸ್ಸಿನಲ್ಲೇ ಹೊಸೆದಿಟ್ಟುಕೊಂಡಿದ್ದೆ. ಯಾರೂ ಆಕ್ಷೇಪಿಸಲಿಲ್ಲ, ವಾದ ವ್ಯರ್ಥವಾಯಿತು. ಅತ್ತೆ ಕೇಳಿದ್ದು ಇಷ್ಟೇ: “ಕಾಳಿ ದೋನ್ ಎಲ್ಲೈತಿ?” ನಮ್ಮ ಕಡೆ ಹಾಡುವವರಿಗೆ ಶ್ರುತಿಯೆಂದರೆ ಪೇಟಿಯಲ್ಲಿ ಬೆರಳೊತ್ತುವ ಮನೆ. ಕಾಳಿ ದೋನ್ ಅಂದರೆ ಎರಡನೆಯ ಕರಿ ಮನೆ. ಗಿಟಾರಿನಲ್ಲಿ ಕರಿಯೂ ಇಲ್ಲ, ಬಿಳಿಯೂ ಇಲ್ಲ ಎಂದೆ. ಆ ಸ್ವರದ ಜಾಗವನ್ನು ಬೆರಳಿಟ್ಟು ತೋರಿಸಿದೆ. ಅತ್ತೆ ತನ್ನ ಕುಂಕುಮದ ಡಬ್ಬಿಯಿಂದ ಒಂದು ಕರಿ ಟಿಕಳಿ ತೆಗೆದು, ಹಣೆಗೆ ಹಚ್ಚುವಷ್ಟೇ ಜೋಪಾನವಾಗಿ ಅಲ್ಲಿ ಅಂಟಿಸಿದಳು. “ಈಗ ಐತಿ.”

ಭಜನೆ ಶುರುವಾಯಿತು. ಅತ್ತೆಯ ದನಿ ಈಗ ದಪ್ಪ. ಒಂದು ಸಾಲು ಎಳೆದು, ನಿಂತು, ಮತ್ತೆ ಎಳೆಯುತ್ತಾಳೆ. ಆ ನಿಂತ ಜಾಗದಲ್ಲಿ ನನ್ನ ಅಂಗೈ ತಂತಿಗೆ ತಾಕಿದರೆ ಸಾಕು, ಡಬ್ಬಿ ಏನೋ ಊಹಿಸಿ ಕಿಚಕ್ ಎನ್ನುತ್ತಿತ್ತು. ಡಬ್ಬಿ ಸುಮ್ಮನಿದ್ದಾಗ ನಾನು ಸುಮ್ಮನಿರಲಿಲ್ಲ. ಸಾಲು ಎಲ್ಲಿ ಮುಗಿಯುತ್ತದೆಂದು ನನಗೆ ಗೊತ್ತಿತ್ತು. ಹಾಗಾಗಿ ಅತ್ತೆಗಿಂತ ಮೊದಲೇ ಹೋಗಿ ಅಲ್ಲಿ ಕೂತಿರುತ್ತಿದ್ದೆ.

ಹಿಂದಿನ ಓಣಿಯ ಭಜನೆಗೆ ಇನ್ನೂ ಹೊತ್ತಿತ್ತು, ಎದುರು ಕಟ್ಟೆಯ ಮೇಲೆ ಕೂತಿದ್ದ ಗುರುಪಾದ ಕಾಕಾ ಕೂಗಿದರು: “ಪೆಟಗಿಯೊಳಗ ಗುಬ್ಬಿ ಸಾಕೀಯೇನ ತಂಗಿ?”

“ನಿಮ್ಮ ಪೇಟಿಯೊಳಗ ಇಲಿ ಇದ್ದದ್ದು ಮರತೀರೇನ್ರಿ ಕಾಕಾ?” ಎಂದೆ ಥಟ್ಟನೆ. ಹೆಂಗಸರು ನಕ್ಕರು. ವಾದ ಗೆದ್ದೆ. ಆದರೆ ಅತ್ತೆ ನಗಲಿಲ್ಲ. ತಾಳ ಕೆಳಗಿಟ್ಟು ಹೇಳಿದಳು: “ನಾ ಇನ್ನಾ ಬಾಯಿ ತಗದಿರೂದಿಲ್ಲ, ಅಷ್ಟರಾಗ ಉತ್ತರಾ ಕೊಟ್ಟು ಕುಂತಿರ್ತಿ. ಹಾಡೂದು ಹ್ಯಾಂಗವಾ?” ಅಂದು ಮಂಗಳಾರತಿಯ ಹೊತ್ತಿಗೆ ಉಳಿದವರು ನಾಲ್ಕೇ ಮಂದಿ. ತಾಳ ಅತ್ತೆಯ ಮಡಿಲಲ್ಲೇ ಇತ್ತು, ಎಂದಿನಂತೆ ಗೋಡೆಯ ಮಾಡದಲ್ಲಿಟ್ಟಿರಲಿಲ್ಲ.

ಮುಂದಿನ ಗುರುವಾರ ಮುಖ ಸಪ್ಪಗೆ ಮಾಡಿಕೊಂಡು ಹಳೆಯದನ್ನು ಒಯ್ದೆ. ಮೊದಲ ಸ್ವರಕ್ಕೇ ಕಟ್ಟೆಯಿಂದ ಮಾತು ಬಂತು: “ನೀ ಈಗ ಬಾರಸಿದ್ದು ಎಸ್‌ಟಿ ಬಸ್ಸು ಹಿಡದು ಬರಾಕತ್ತೈತೇನ?” ಆ ಮಾತು ನಿಜವೇ ಆಗಿತ್ತು. ತಡವನ್ನು ಮುಚ್ಚಲು ಬೇರೆ ದಾರಿ ಕಾಣದೆ ಅತ್ತೆಯ ಬಾಯನ್ನೇ ನೋಡುತ್ತ ಕೂತೆ. ಅವಳು ಸಾಲು ಎಳೆದಳು, ನಾನು ಹಿಂದೆ ಹೋದೆ, ನನ್ನ ಹಿಂದೆ ಡಬ್ಬಿ ಬಂತು. ಅವಳು ನಿಂತಳು, ನಾವಿಬ್ಬರೂ ನಿಂತೆವು. ಅಂಗೈ ತಾಕಿದರೂ ಡಬ್ಬಿ ಬಾಯಿ ಬಿಡಲಿಲ್ಲ. ಎರಡನೆಯ ಹಾಡಿನ ಹೊತ್ತಿಗೆ ಅತ್ತೆ ಕಣ್ಣು ಮುಚ್ಚಿದ್ದಳು. ನಾನು ಅವಳನ್ನು ಹಾಗೆ ನೋಡಿ ಬಹಳ ದಿನವಾಗಿತ್ತು. ಹಿಂದಿನ ಓಣಿಗೆ ಹೊರಟಿದ್ದ ಇಬ್ಬರು ಹೊಸ್ತಿಲ ಬಳಿ ನಿಂತರು, ಆಮೇಲೆ ಚಪ್ಪಲಿ ಬಿಟ್ಟರು. ಕಾಕಾ ಕಟ್ಟೆಯ ಮೇಲೆ ತೊಡೆ ತಟ್ಟುತ್ತಿದ್ದುದು ಸೊಳ್ಳೆಗಾಗಿ ಇರಲಿಕ್ಕಿಲ್ಲ.

ಮಂಗಳಾರತಿ ಮುಗಿದ ಮೇಲೆ, ಮುಂದಿನ ವಾರ ಎಲ್ಲರಿಗೂ ಚುರಮುರಿ ತರುವ ಪಾಳಿ ಯಾರದು ಎಂಬ ಜಗಳ ಶುರುವಾಯಿತು. ಭಜನೆ ಬದುಕಿತೆಂದು ನನಗೆ ತಿಳಿದದ್ದು ಆಗ. ಅತ್ತೆ ತಾಳವನ್ನು ಅರಿವೆಯಲ್ಲಿ ಸುತ್ತಿ ಮಾಡದಲ್ಲಿಟ್ಟಳು.

“ಇದನ್ನೇ ತಗೋ,” ಎಂದಳು.

“ಅತ್ತಿ, ಅದು ಹೊಸಾದು, ಜಲ್ದಿ ನುಡೀತದ. ಇದು ತಡಾ…”

“ತಡಾ ಅಲ್ಲದು. ಇದು ನಾ ಅಂದಿದ್ದು ಪೂರಾ ಕೇಳಿ ಆಮ್ಯಾಲ ಮಾತಾಡ್ತದ. ನಮ್ಮ ಮನ್ಯಾಗ ಹಂಥಾದು ಒಂದರೆ ಇರಲಿ.”

ಇದಕ್ಕೆ ನನ್ನ ಬಳಿ ಒಳ್ಳೆಯ ಮರುವಾದವೊಂದಿತ್ತು, ಈಗಲೂ ಇದೆ. ಆದರೆ ಆ ಸಂಜೆ ಯಾಕೋ, ಅವಳ ಮಾತು ಒಂದೆರಡು ಸಲ ಪೂರ್ತಿ ತೂಗಲಿ ಎಂದು ಕಾದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗೆ ಚಹಾಕ್ಕಿಟ್ಟಿದ್ದಳು, ಮತ್ತು ಎದುರು ಕಟ್ಟೆಯತ್ತ ಕೂಗಿ ಕೇಳುತ್ತಿದ್ದಳು: “ಗುರುಪಾದಣ್ಣಾ, ಸಕ್ರಿ ಎಷ್ಟ ಹಾಕಲಿ?”